ಇಪ್ಪತ್ತೆರಡೋ ಎಪ್ಪತ್ತೆರಡೋ

...ಅದಕ್ಕೇ ಹೇಳಿದ್ದು, ಆ ಬಾಗಿಲು ಒಂಚೂರು ಮುಂದಕ್ಕೆ ಹಾಕಿಬಿಡಮ್ಮ ಅಂತ. ಪೂರ್ತಿ ಬೇಡ. ಪೂರ್ತಿ ಹಾಕಿದ್ರೆ ಒಳಗೆ ಏನೋ ನಡೀತಿದೆ ಅಂತ ಆಮೇಲೆ ಅದಕ್ಕೂ ರೆಕ್ಕೆಪುಕ್ಕ ಕಟ್ತಾರೆ. ಹ್ಞಾಂ, ಅಷ್ಟು ಸಾಕು. ಈಗ ಕುರ್ಚಿ ಈ ಕಡೆ ಎಳ್ಕೊಂಡು ಕಿಟಕಿಗೆ ಮುಖ ಮಾಡಿ ಕೂತ್ಕೋ. ಅಲ್ಲಿ ಕೂತ್ರೆ ಬೆಳಕೆಲ್ಲ ನಿನ್ನ ಬೆನ್ನಿಗೆ, ಮುಖವೇ ಕಾಣಲ್ಲ ನಂಗೆ. ಮುಖ ಕಾಣದವರ ಹತ್ರ ಮಾತಾಡಿ ಮಾತಾಡಿ ಮೂವತ್ತೊಂದು ವರ್ಷ ಕಳೆದಿದ್ದೀನಿ, ಎದುರಿಗೆ ಬಂದವರದ್ದಾದ್ರೂ ಮುಖ ನೋಡ್ಬೇಡ್ವಾ.

ನೀನು ಅಂತೀನಿ, ಬೇಜಾರಿಲ್ಲ ತಾನೇ? ನನ್ನ ಕೊನೇ ತಂಗಿ ವಯಸ್ಸು ನಿಂದು. ಫೋನ್ ಕಂಪನಿಯಿಂದ ಒಬ್ಬರು ಬರ್ತಾರೆ ಅಂತ ಯಜಮಾನರು ಹೇಳಿದಾಗ, ಯಾರೋ ಗಡ್ಡದವನು ಬಂದು ಹತ್ತು ನಿಮಿಷದಲ್ಲಿ ಮುಗಿಸ್ಕೊಂಡು ಹೋಗ್ತಾನೆ ಅಂದ್ಕೊಂಡಿದ್ದೆ. ನೀನು ನೋಡಿದ್ರೆ ಲ್ಯಾಪ್‌ಟಾಪು, ವೈರು, ತಲೆಗೆ ಹಾಕ್ಕೊಳ್ಳೋ ಹೆಡ್‌ಫೋನು... ಸಂಸಾರಾನೇ ಹೊತ್ಕೊಂಡು ಬಂದಿದೀಯ. ಯಾಕೆ ನಗ್ತೀಯ? ನಿಜ ಹೇಳಿದ್ರೆ ನಗು.

ಏನು ಕೇಳಿದೆ? ಬಸ್ಸಾ? ಹ್ಞೂಂ, ಬಸ್ಸಲ್ಲೇ ಬರೋದು. ಎರಡು ಬಸ್ಸು ಬದಲಾಯಿಸಿ... ಮತ್ತೆ ನಗ್ತಿದೀಯ. ಓ, ಬೇಸು. ಬೇಸ್ ಎಲ್ಲಿದೆ ಅಂತ ಕೇಳ್ತಿದೀಯ. ಮೇಜಿನ ಕೆಳಗೆ ತಲೆ ತೂರಿಸ್ಕೊಂಡು ಮಾತಾಡಿದ್ರೆ ಯಾರಿಗೆ ತಾನೇ ಸರಿಯಾಗಿ ಕೇಳುತ್ತೆ. ಅಗೋ, ಆ ಕಪಾಟಿನ ಮೇಲೆ. ಬಿಳೀ ಡಬ್ಬಿ, ಹಸಿರು ದೀಪ. ಅದರಿಂದ ಇಂಟರ್‌ನೆಟ್ಟಿಗೆ ಒಂದು ವೈರು, ಕರೆಂಟಿಗೆ ಒಂದು. ಮಿಕ್ಕ ನಾಲ್ಕು ಹ್ಯಾಂಡ್‌ಸೆಟ್ಟಿಗೆ ವೈರೇ ಇಲ್ಲ. ಇಲ್ಲೊಂದು, ಮೇಲೆ ಯಜಮಾನರ ರೂಮಲ್ಲೊಂದು, ವರ್ಕ್‌ಶಾಪಲ್ಲೊಂದು, ಹಿಂದೆ ಗೋಡೌನಲ್ಲೊಂದು.

ಆ ಗೋಡೌನಿಂದೇ ನೋಡು ನಂಗೆ ಅನುಮಾನ. ಅಲ್ಲಿ ಲಿಫ್ಟಿನ ಬಿಡಿಭಾಗ ನೋಡ್ಕೊಳ್ಳೋಳು ಒಬ್ಬಳಿದ್ದಾಳೆ. ನಾನು ಇಲ್ಲಿ ಫೋನ್ ಎತ್ತಿದ ತಕ್ಷಣ ಅವಳು ಅಲ್ಲಿ ಎತ್ತಿ ಕಿವಿಗಿಟ್ಕೋತಾಳೆ. ಆಗಲ್ವಾ? ಮೂರನೆಯವರು ಸೇರ್ಕೊಂಡ್ರೆ ಬೀಪ್ ಅನ್ನುತ್ತಾ? ಬೀಪ್ ನಂಗೆ ಯಾವತ್ತೂ ಕೇಳಿಲ್ಲಪ್ಪ. ಹಾಗಂತ ಅವಳು ಸೇರ್ಕೊಂಡಿಲ್ಲ ಅಂತ ನಾನು ಒಪ್ಪಲ್ಲ. ಒಂದು ದಿನ ಯಾರೋ ಮಾತಾಡಿ ಫೋನ್ ಇಟ್ಟ ಮೇಲೆ ಇಲ್ಲಿಗೇ ಬಂದು, "ಅಕ್ಕಾ, ಅವರು ಕೇಳಿದ್ದು ಬಾಗಿಲಿನ ರೋಲರು, ನೀವು ಹೇಳಿದ್ದು ಮೋಟರಿನ ಬೆಲ್ಟು" ಅಂದ್ಳು. ಅವಳಿಗೆ ಹೇಗೆ ಗೊತ್ತಾಯ್ತು ಹೇಳು? ಅವರೇ ಆಮೇಲೆ ಅವಳಿಗೆ ಫೋನ್ ಮಾಡಿದ್ರಂತೆ. ಮಾಡಿರ್ತಾರೆ, ಮಾಡಿರ್ತಾರೆ. ಅವಳ ಮಾತೋ, ತುಟಿಯಲ್ಲೇ ಹುಟ್ಟಿ ತುಟಿಯಲ್ಲೇ ಸಾಯುತ್ತೆ. ಮೊದಲು ಅವಳೊಬ್ಬಳೇ ಹಾಗೆ ಅಂದ್ಕೊಂಡಿದ್ದೆ. ಈ ಎರಡು ವರ್ಷದಿಂದ ಇಲ್ಲಿ ಎಲ್ಲರಿಗೂ ಅದೇ ರೋಗ. ನಾನು ಒಳಗೆ ಬಂದ್ರೆ ಸಾಕು, ಗುಸುಗುಸು.

ಇರಲಿ. ನೀನು ಕೆಲಸ ಮಾಡ್ತಾ ಇರು, ನಾನು ಹೇಳ್ತಾ ಇರ್ತೀನಿ. ಆದರೆ ಏನಾದ್ರೂ ಕೇಳೋದಿದ್ರೆ ತಲೆ ಎತ್ತಿ ಕೇಳು.

ನಮ್ಮ ಕೆಲಸ ಏನು ಅಂತ ಗೊತ್ತಲ್ಲ. ಲಿಫ್ಟ್ ರಿಪೇರಿ. ಈ ಊರಲ್ಲಿ ಇನ್ನೂರ ನಲವತ್ತು ಲಿಫ್ಟಿನ ಒಳಗೆ ಬಟನ್ನಿನ ಪಕ್ಕ ನಮ್ಮ ನಂಬರ್ ಅಂಟಿಸಿದೆ. ಲಿಫ್ಟ್ ನಿಂತ್ರೆ ಫೋನ್ ಬರೋದು ಈ ಮೇಜಿಗೆ. ಮೊದಲು ಇಲ್ಲಿ ಕಪ್ಪು ಫೋನ್ ಇತ್ತು. ಎತ್ತಿದ್ರೆ ಒಂದು ಕೇಜಿ ಭಾರ, ಹೊಡ್ಕೊಂಡ್ರೆ ಬೀದಿ ಆಚೆ ಇರೋ ಟೈಲರಿಗೂ ಕೇಳೋದು. ನನ್ನನ್ನ ಎಲ್ಲರೂ ಫೋನಕ್ಕ ಅನ್ನೋದು ಆಗಿನಿಂದಲೇ. ನನ್ನ ಮುಖ ನೋಡಿದವರು ಊರಲ್ಲಿ ಕಮ್ಮಿ, ಧ್ವನಿ ಗೊತ್ತಿಲ್ಲದವರೂ ಕಮ್ಮಿ. ಒಂದು ಸಲ ಒಬ್ಬ ಬಸುರಿ ಐದು ಗಂಟೆ ಹೊತ್ತು ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿದ್ಲು. ಐದು ಗಂಟೆಯೂ ಮಾತಾಡಿಸಿದ್ದೀನಿ, ಫೋನ್ ಇಡದೆ. ಅವಳ ಅತ್ತೆ ಮೇಲಿನ ದೂರು ಪೂರ್ತಿ ಕೇಳಿದೆ. ಬಾಗಿಲು ತೆಗೆದಾಗ ಅವಳು, "ಇನ್ನೊಂದು ಮಾತು ಇತ್ತಲ್ಲಕ್ಕ" ಅಂದ್ಳು.

ಇನ್ನೊಂದು ಹೇಳ್ಲಾ? ಫೋನ್ ಮಾಡಿದವರ ಹಿಂದೆ ಮೋಟರಿನ ಸದ್ದು ಬರುತ್ತಲ್ಲ, ಅದನ್ನ ಕೇಳಿ ಯಾವ ಬಿಲ್ಡಿಂಗು ಅಂತ ಹೇಳ್ತಿದ್ದೆ. ಅವರು ವಿಳಾಸ ಹೇಳೋಕೆ ಮುಂಚೆ. ಯಜಮಾನರ ಅಪ್ಪ ಇದ್ದಾಗ ಬಂದವರ ಮುಂದೆಲ್ಲ ಅದನ್ನ ತೋರಿಸೋರು. ಈಗಿನ ಯಜಮಾನರಿಗೆ ಅದೆಲ್ಲ ಬೇಕಿಲ್ಲ. ಒಳ್ಳೆಯವರೇ, ಆದರೆ ಹಿತ್ತಾಳೆ ಕಿವಿ. ಯಾರು ಕೊನೆಗೆ ಹೇಳಿದ್ರೋ ಅದೇ ನಿಜ.

ಯಾಕೆ ಬದಲಾಯಿಸಿದ್ರಾ? ನಾವೆಲ್ಲಿ ಬದಲಾಯಿಸಿದ್ವಿ. ಹಳೇ ತಂತಿ ಲೈನು ಇನ್ನು ಇಲ್ಲ, ಇಂಟರ್‌ನೆಟ್ ಮೇಲೆ ಬನ್ನಿ ಅಂತ ನೋಟೀಸು ಬಂತು. ಎಂಟು ತಿಂಗಳಾಯ್ತು. ಯಜಮಾನರು, "ಅಕ್ಕಾ, ಫೋನ್ ಹಿಡಿಯೋಳು ನೀನು, ನೀನೇ ಆರಿಸು" ಅಂದ್ರು. ಹೋದೆ. ಅಂಗಡಿಯವನು ಮೂರು ಥರ ಇಟ್ಟ. ಮೊದಲನೇದು ಚೆಂದ ಇತ್ತು, ಚಾಕೊಲೇಟಿನ ಹಾಗೆ ತೆಳ್ಳಗೆ. ಗೋಡೌನಿನವಳು ಅದೇ ಬೇಕು ಅಂದ್ಳು. ಎರಡನೇದಕ್ಕೆ ಬ್ಯಾಟರಿ ಹದಿನೆಂಟು ಗಂಟೆ ಬರುತ್ತಂತೆ, ಗೋಡೆ ದಾಟಿ ಐವತ್ತು ಮೀಟರ್ ಹಿಡಿಯುತ್ತಂತೆ. ಮೆಕ್ಯಾನಿಕ್‌ಗಳು ಅದನ್ನ ಅಂದ್ರು. ನಾನು ಮೂರನೇದು ತಗೊಂಡೆ.

ಯಾಕೆ ಅಂದ್ರೆ... ಗುಂಡಿ ದೊಡ್ಡದು. ಧ್ವನಿ ಜೋರು ಮಾಡೋಕೆ ಪಕ್ಕದಲ್ಲೇ ಬೇರೆ ಬಟನ್ನು. ಫೋನ್ ಬಂದ್ರೆ ತಲೆ ಮೇಲೆ ಕೆಂಪು ದೀಪ ಮಿಣಮಿಣ ಅನ್ನುತ್ತೆ. ಅದು ವಯಸ್ಸಾದವರಿಗೆ ಅಂತ ಮಾಡಿದ್ದು ಅಂತ ಅಂಗಡಿಯವನು ಹೇಳಿದ. ನಮ್ಮ ವರ್ಕ್‌ಶಾಪಲ್ಲಿ ಗ್ರೈಂಡರ್ ಸದ್ದು, ಅದಕ್ಕೆ ಬೇಕು ಅಂದೆ. ಸುಳ್ಳೇನಲ್ಲ. ಗ್ರೈಂಡರ್ ಇದೆ.

ಏನು ತೋರಿಸ್ತಿದೀಯ? ನನ್ನ ಹಿಂದೆ ಏನಿದೆ? ಓ... ದೀಪ. ಬಂತು ನೋಡು ಒಂದು. ತಡಿ. ಹಲೋ, ಹೇಳಿ. ಹ್ಞಾಂ... ಹ್ಞಾಂ. ಹೌದು, ಹೌದು. ಒಂದು ನಿಮಿಷ ಇರಿ, ಕೊಡ್ತೀನಿ... ಗೋಡೌನಿಗೆ ದಾಟಿಸಿದೆ. ಬಿಡಿಭಾಗದ ವಿಚಾರ. ಯಾಕೆ ಹುಬ್ಬು ಹಾರಿಸ್ತೀಯ? ಎಲ್ಲ ನಾನೇ ಮಾತಾಡೋದಾದ್ರೆ ಅವಳಿಗೆ ಯಾಕೆ ಒಂದು ಸೆಟ್ಟು? ಈ ಫೋನಲ್ಲಿ ಇರೋ ಒಂದೇ ಅನುಕೂಲ ಅದು, ಒಂದು ಗುಂಡಿ ಒತ್ತಿದ್ರೆ ಬೇರೆಯವರ ತಲೆಗೆ.

ಮಿಕ್ಕಿದ್ದೆಲ್ಲ ಅನಾನುಕೂಲವೇ. ಮಾತು ತುಂಡಾಗುತ್ತೆ. ಅಕ್ಷರದ ಕೊನೆ ಕಚ್ಚಿ ಬಿಡುತ್ತೆ. ಗಂಡಸರದ್ದು ಒಂದಿಷ್ಟು ಪರವಾಗಿಲ್ಲ, ಹೆಂಗಸರು ಮಕ್ಕಳು ಮಾತಾಡಿದ್ರೆ ಹಕ್ಕಿ ಹಾರಿದ ಹಾಗೆ. ಇಲ್ವಾ? ನಾಲ್ಕು ಗೆರೆ ತುಂಬಿದೆಯಾ? ಸಿಗ್ನಲ್ ಚೆನ್ನಾಗಿದೆ ಅಂತೀಯ. ನಿನ್ನ ಮಿಷಿನ್ನಿಗೆ ಚೆನ್ನಾಗಿರಬಹುದು. ಕೇಳೋಳು ನಾನು.

ಯಜಮಾನರು ನಿಂಗೆ ಏನಂತ ಹೇಳಿದಾರೆ? ಬರೀ ಆ ಮಂಗಳವಾರದ ಮಾತುಕತೆ ಹುಡುಕು ಅಂತಲಾ? ಗ್ರೀಸಣ್ಣನ ವಿಷಯ ಹೇಳಿದ್ರಾ? ಹೇಳಿಲ್ಲ. ಹೇಳಲ್ಲ ಅವರು. ನಾನೇ ಹೇಳ್ತೀನಿ, ಯಾಕಂದ್ರೆ ನೀನು ಅರ್ಧ ತಿಳ್ಕೊಂಡು ಏನೋ ಬರೆದುಬಿಟ್ರೆ ಕಷ್ಟ.

ಮೂರು ವಾರ ಆಯ್ತು. ಮಧ್ಯಾಹ್ನ ಎರಡೂ ನಲವತ್ತು. ಕೆರೆ ರಸ್ತೆಯ ಒಂದು ಬಿಲ್ಡಿಂಗಿನ ಕಾವಲುಗಾರ ಫೋನ್ ಮಾಡಿದ. ಮೂರನೇ ಮಾಳಿಗೆಗೂ ನಾಲ್ಕನೇದಕ್ಕೂ ಮಧ್ಯ ಲಿಫ್ಟ್ ನಿಂತಿದೆ, ಒಳಗೆ ಒಬ್ಬರು ನಿವೃತ್ತ ಟೀಚರಮ್ಮ ಇದಾರೆ, ಸಕ್ಕರೆ ಕಾಯಿಲೆ, ಔಷಧಿ ತರೋಕೆ ಹೊರಟಿದ್ರು ಅಂತ. ಕೆರೆ ರಸ್ತೆಯಲ್ಲಿ ನಮ್ಮ ಲಿಫ್ಟು ಎರಡು ಕಡೆ ಇದೆ. ಒಂದು ಇಪ್ಪತ್ತೆರಡನೇ ನಂಬರು, ಒಂದು ಎಪ್ಪತ್ತೆರಡು. ಮಧ್ಯ ಎರಡು ಕಿಲೋಮೀಟರು. ಹೇಳಿನೋಡು, ಇಪ್ಪತ್ತೆರಡು, ಎಪ್ಪತ್ತೆರಡು. ಬಾಯಿ ಒಂದು ಎಳೆ ಹೆಚ್ಚು ತೆರೆದ್ರೆ ಐವತ್ತು ಮನೆ ಆಚೆ.

ಗ್ರೀಸಣ್ಣನನ್ನ ಕಳಿಸಿದೆ. ನಮ್ಮ ಹಳೇ ಮೆಕ್ಯಾನಿಕ್ಕು, ಹತ್ತೊಂಬತ್ತು ವರ್ಷದ ಕೆಲಸ. ಉಗುರಿನ ಸಂದಿಯ ಗ್ರೀಸು ಹೋಗಲ್ಲ ಅಂತ ಮದುವೆ ದಿನವೂ ಕೈ ಜೇಬಲ್ಲಿ ಇಟ್ಕೊಂಡಿದ್ದ. ಅಗೋ, ಗಾಜಿನ ಆಚೆ ಬೆಂಚಿನ ಮೇಲೆ ಕೂತಿದಾನಲ್ಲ, ಅವನೇ. ಹಾಗೆ ತಿರುಗಿ ನೋಡ್ಬೇಡ. ಇವತ್ತು ಹನ್ನೆರಡು ಗಂಟೆಗೆ ಯಜಮಾನರು ಅವನ ಕೆಲಸದ ತೀರ್ಮಾನ ಹೇಳ್ತಾರೆ ಅಂತ ಒಂಬತ್ತಕ್ಕೇ ಬಂದು ಕೂತಿದಾನೆ. ಇಸ್ತ್ರಿ ಮಾಡಿದ ಶರಟು ಹಾಕ್ಕೊಂಡು.

ಅವನು ಹೋಗಿದ್ದು ಎಪ್ಪತ್ತೆರಡಕ್ಕೆ. ಅಲ್ಲಿ ಲಿಫ್ಟು ಬೆಣ್ಣೆ ಹಾಗೆ ಓಡ್ತಿತ್ತು. ಸರಿಹೋಗಿರಬೇಕು ಅಂತ ವಾಪಸ್ ಬಂದ. ಇತ್ತ ಇಪ್ಪತ್ತೆರಡರಲ್ಲಿ ಟೀಚರಮ್ಮ ಕತ್ತಲಲ್ಲಿ ಎರಡು ಗಂಟೆ ಐವತ್ತು ನಿಮಿಷ. ಕಾವಲುಗಾರ ಮತ್ತೆ ಫೋನ್ ಮಾಡಿದಾಗ ಗೋಡೌನಿನವಳು ಎತ್ತಿ ಬೇರೆಯವರನ್ನ ಓಡಿಸಿದ್ಲು. ಬಾಗಿಲು ತೆಗೆದಾಗ ಟೀಚರಮ್ಮ ಮೂಲೆಯಲ್ಲಿ ಒರಗಿದ್ರಂತೆ, ಪ್ರಜ್ಞೆ ಇಲ್ಲ. ಆಸ್ಪತ್ರೆಯಲ್ಲಿ ಎರಡು ದಿನ. ಉಳ್ಕೊಂಡ್ರು... ಉಳ್ಕೊಂಡ್ರು, ದೊಡ್ಡ ಪುಣ್ಯ. ಈಗ ಮನೆಯಲ್ಲೇ ಇದಾರೆ, ಲಿಫ್ಟ್ ಹತ್ತಲ್ವಂತೆ, ನಾಲ್ಕು ಮಾಳಿಗೆ ಮೆಟ್ಟಿಲು ಹತ್ತೋಕೂ ಆಗಲ್ಲ, ಅದಕ್ಕೆ ಹೊರಗೇ ಬರಲ್ವಂತೆ. ಅವರ ಮಗಳು ಇಲ್ಲಿಗೆ ಬಂದಿದ್ಲು. ಬೈಲಿಲ್ಲ. ಈ ಮೇಜಿನ ಮುಂದೆ ನಿಂತು ನನ್ನನ್ನೇ ನೋಡಿ ಏನೋ ಹೇಳಿ ಹೋದ್ಲು.

ಏನು ಹೇಳಿದ್ಲಾ? ಅದೇ... ಬೇಜಾರಿನ ಮಾತು. ಬಿಡು.

ಗ್ರೀಸಣ್ಣ ಏನಂತಾನೆ ಅಂದ್ರೆ, ಅಕ್ಕ ಹೇಳಿದ್ದೇ ಎಪ್ಪತ್ತೆರಡು ಅಂತಾನೆ. ಅಲ್ಲಿಂದ ಆಫೀಸಿಗೆ ಫೋನ್ ಮಾಡಿ, ಇಲ್ಲಿ ಸರಿ ಇದೆಯಲ್ಲಕ್ಕ, ಇಪ್ಪತ್ತೆರಡಲ್ಲ ತಾನೇ, ಎಪ್ಪತ್ತೆರಡೇ ತಾನೇ ಅಂತ ಕೇಳಿದ್ನಂತೆ. ಅಕ್ಕ ಹೌದು ಅಂದ್ಳಂತೆ. ಯಜಮಾನರು ಕರೆದು ಕೇಳಿದ್ರು. ನಾನು ಹೇಳಿದ್ದು ಇಪ್ಪತ್ತೆರಡು ಅಂದೆ. ಫೋನ್ ಮಾಡಿದ್ದ, ಲಿಫ್ಟ್ ಸರಿ ಇದೆ ಅಂದ, ಅಷ್ಟೇ ಅಂದೆ. ಹತ್ತೊಂಬತ್ತು ವರ್ಷ ಒಳ್ಳೆ ಕೆಲಸ ಮಾಡಿದವನೂ ಒಂದು ದಿನ ಮೈಮರೀತಾನೆ. ಮನುಷ್ಯ ತಾನೇ. ಅವನನ್ನ ಕೆಟ್ಟವನು ಅಂತ ನಾನು ಎಲ್ಲೂ ಹೇಳಿಲ್ಲ.

ರಿಜಿಸ್ಟರಾ? ಇದೆ, ಅದೂ ಯಜಮಾನರು ನೋಡಿದಾರೆ. ತಗೋ. ಇಪ್ಪತ್ತೆರಡು ಅಂತ ಬರೆದಿದೆಯಲ್ಲ. ಅದನ್ಯಾಕೆ ಬೆಳಕಿಗೆ ಹಿಡೀತೀಯ? ನೀನು ಫೋನಿನವಳಾ ಪೊಲೀಸಿನವಳಾ? ಇಂಕು ಎರಡು ಥರ ಕಾಣುತ್ತೆ, ಹೌದು... ಪೆನ್ನು ಸರಿ ಇರಲಿಲ್ಲ ಆ ದಿನ. ಕೊಡು ಈ ಕಡೆ.

ನಂಗೆ ಒಂದು ಮಾತು ಹೇಳು, ಈ ಫೋನಲ್ಲಿ ಮಾತೆಲ್ಲ ತಾನೇ ತಾನಾಗಿ ರೆಕಾರ್ಡ್ ಆಗುತ್ತೆ ಅಂತ ಅಂಗಡಿಯವನು ಯಾಕೆ ಹೇಳಲಿಲ್ಲ? ಮೂವತ್ತು ದಿನ ಎಲ್ಲೋ ಇರುತ್ತಂತೆ. ಎಲ್ಲೋ ಅಂದ್ರೆ ಎಲ್ಲಿ? ಯಜಮಾನರೇ ಬೇಕು ಅಂತ ಬರೆಸಿದ್ರಾ... ಸಹಿ ಮಾಡಿದಾರಾ... ನೋಡಿದ್ಯಾ. ನನ್ನ ಮೇಜು, ನನ್ನ ಫೋನು, ನನ್ನ ಬಾಯಿ, ಆದರೆ ನಂಗೇ ಒಂದು ಮಾತು ಹೇಳಿಲ್ಲ. ಗೊತ್ತಿದ್ದಿದ್ರೆ... ಗೊತ್ತಿದ್ದಿದ್ರೆ ಏನು, ಏನೂ ಇಲ್ಲ. ಇನ್ನೂ ಚೆನ್ನಾಗಿ ಮಾತಾಡ್ತಿದ್ದೆ.

ಸಿಕ್ತಾ? ಅದೇ ಮಂಗಳವಾರದ್ದಾ? ಎರಡೂ ಇದೆಯಾ, ಕಾವಲುಗಾರನದ್ದು, ಗ್ರೀಸಣ್ಣನದ್ದು. ಹ್ಞೂಂ. ಕೇಳು. ಮೊದಲು ನೀನೇ ಹೆಡ್‌ಫೋನ್ ಹಾಕ್ಕೊಂಡು ಕೇಳು.

...

ಮುಗೀತಾ?

ಏನಮ್ಮ, ಯಾಕೆ ಹಾಗೆ ನೋಡ್ತೀಯ. ಮಾತು ಸರಿಯಾಗಿ ಬಂದಿರಲ್ಲ, ನಾನು ಮೊದಲೇ ಹೇಳಿದ್ನಲ್ಲ, ಈ ಫೋನಲ್ಲಿ ಏನೂ ಸ್ಪಷ್ಟ ಇರಲ್ಲ. ಆ ತಲೆಯದ್ದು ತೆಗೆದು ಹಾಗೇ ಹಾಕು, ನಾನೂ ಕೇಳ್ತೀನಿ. ಹಾಕು ಪರವಾಗಿಲ್ಲ. ನಂಗೇನು ಭಯ.

ಹಾಕಿದ್ಯಾ? ಏನೋ ಗುಂಯ್ ಅಂತಿದೆ, ಅಷ್ಟೇ. ಇದರಲ್ಲಿ ಮಾತೇ ಇಲ್ಲವಲ್ಲ. ನೋಡಿದ್ಯಾ, ರೆಕಾರ್ಡಿಂಗೂ ಹಾಳು. ಅಕ್ಷರ ಒಂದೂ ಬಂದಿಲ್ಲ. ಇದನ್ನೇ ಬರೆದುಕೊಡು ಯಜಮಾನರಿಗೆ, ಫೋನೇ ಸರಿ ಇಲ್ಲ ಅಂತ. ಅವನದ್ದೂ ತಪ್ಪಿಲ್ಲ, ನಂದೂ ತಪ್ಪಿಲ್ಲ, ಫೋನಿಂದು ಅಂತ ಬರಿ. ಎಲ್ಲರೂ ಉಳ್ಕೋತೀವಿ.

ಬರಿಯಮ್ಮ. 

ಏನಾದ್ರೂ ಮಾತಾಡು. ನಿನ್ನ ತುಟಿ ಅಲ್ಲಾಡ್ತಾ ಇಲ್ಲ.

...ಗೋಡೌನಿನವಳು ಯಾವಾಗ ಬಂದ್ಳು? ಬಾಗಿಲಲ್ಲಿ ನಿಂತು ಬಾಯಿ ಮೇಲೆ ಕೈ ಯಾಕೆ ಇಟ್ಕೊಂಡಿದಾಳೆ? ಗ್ರೀಸಣ್ಣನೂ ಎದ್ದು ನಿಂತಿದಾನೆ. ಗಾಜಿನ ಆಚೆ. ಅಷ್ಟು ದೂರದಿಂದ... ಅವನಿಗೆ ಕೇಳ್ತಿದೆಯಾ? ಅವಳಿಗೂ ಕೇಳ್ತಿದೆಯಾ?

ಮಾತು ಬರ್ತಿದೆಯಾ ಇದರಲ್ಲಿ?

ಸ್ಪಷ್ಟವಾಗಿ?

ಆರಿಸ್ಬೇಡ. ಕೈ ತೆಗಿ, ಆರಿಸ್ಬೇಡ. ಹೋಗಲಿ ಪೂರ್ತಿ. ಅವರಾದ್ರೂ ಕೇಳಲಿ.

ಎರಡು ವರ್ಷದ ಮೇಲಾಯ್ತು. ಮೊದಲು ಮೋಟರಿನ ಸದ್ದು ಹೋಯ್ತು. ಆಮೇಲೆ ಹೆಂಗಸರ ಧ್ವನಿ. ಒಂದು ಸಲ ಡಾಕ್ಟರ ಹತ್ರ ಹೋಗಿದ್ದೆ, ಯಾರಿಗೂ ಹೇಳದೆ. ಒಂದು ಚೀಟಿ ಮೇಲೆ ಗೆರೆ ಎಳೆದು ಕೊಟ್ರು, ಜಾರುಬಂಡೆ ಥರ ಕೆಳಗಿಳಿಯೋ ಗೆರೆ. ಕಿವಿಗೆ ಮಿಷಿನ್ ಹಾಕ್ಕೊಳ್ಳಿ ಅಂದ್ರು. ಕಿವಿಗೆ ಮಿಷಿನ್ ಹಾಕ್ಕೊಂಡ ಫೋನಕ್ಕನನ್ನ ಯಾರಮ್ಮ ಇಟ್ಕೋತಾರೆ? ಈ ಮೇಜು ಬಿಟ್ರೆ ನಾನು ಯಾರು? ಎದುರಿಗೆ ಇದ್ದವರ ತುಟಿ ನೋಡಿ ತಿಳ್ಕೋತೀನಿ. ಫೋನಿಗೆ ತುಟಿ ಇಲ್ಲ. ಅಲ್ಲಿ ಹೌದು ಹೌದು ಅಂತೀನಿ. ಹೌದು ಅಂದ್ರೆ ನೂರಕ್ಕೆ ಎಂಬತ್ತು ಸಲ ನಡೆದುಹೋಗುತ್ತೆ ಕಣೇ. ನಿಂಗೆ ಆಶ್ಚರ್ಯ ಆಗಬಹುದು. ಜನ ಕೇಳೋದೆಲ್ಲ ಹೌದು ಅನ್ನಿಸ್ಕೊಳ್ಳೋಕೇ.

ಆ ಕಾವಲುಗಾರನನ್ನ ನಂಬರು ಎರಡು ಸಲ ಕೇಳಿದೆ. ಮೂರನೇ ಸಲ ಕೇಳೋಕೆ ನಾಚಿಕೆ ಆಯ್ತು. ಎಪ್ಪತ್ತೆರಡು ಇರಬೇಕು ಅಂತ ಬರೆದೆ. ಸಂಜೆ ಆಸ್ಪತ್ರೆಯ ಸುದ್ದಿ ಬಂತು. ಏಳರ ಬುಡಕ್ಕೆ ಒಂದು ಅಡ್ಡ ಗೆರೆ ಎಳೆದ್ರೆ ಎರಡಾಗುತ್ತೆ. ಅಷ್ಟೇ ಸಣ್ಣದು. ಎಳೆದುಬಿಟ್ಟೆ.

ಗ್ರೀಸಣ್ಣ ಫೋನ್ ಮಾಡಿದಾಗ ಏನು ಕೇಳಿದ ಅಂತ ನಿಜವಾಗಲೂ ನಂಗೆ ಗೊತ್ತಿಲ್ಲ. ಕೇಳಿಸಲಿಲ್ಲ. ಹೌದು ಹೌದು ಅಂದೆ. ಅವನು ಸುಳ್ಳು ಹೇಳ್ತಿರಬಹುದು ಅಂತ ಈ ಮೂರು ವಾರ ನನಗೆ ನಾನೇ ಹೇಳ್ಕೊಂಡೆ. ಗೋಡೌನಿನವಳದ್ದು ಕುತಂತ್ರ ಇರಬಹುದು, ಫೋನಿಂದು ಇರಬಹುದು ಅಂತ... ಇದರಲ್ಲಿ ಇದೆಯಲ್ಲ ಅವನ ಮಾತು. ಎಷ್ಟು ಸಲ ಕೇಳಿದಾನೆ? ಬೆರಳು ತೋರಿಸು ಸಾಕು.

ಮೂರು?

ಮೂರು ಸಲ ಇಪ್ಪತ್ತೆರಡಲ್ಲ ತಾನೇ, ಎಪ್ಪತ್ತೆರಡೇ ತಾನೇ ಅಂತ ಕೇಳಿದ್ನಾ? ಮೂರು ಸಲವೂ ನಾನು ಹೌದು ಅಂದ್ನಾ?

ತಲೆ ಆಡಿಸಿದ್ಯಾ. ಹ್ಞೂಂ.

ಆ ಟೀಚರಮ್ಮನ ಮಗಳು ಏನು ಹೇಳಿದ್ಲು ಅಂತ ಕೇಳಿದೆಯಲ್ಲ. ಅದೂ ಗೊತ್ತಿಲ್ಲ ನಂಗೆ. ಅಳ್ತಾ ಮಾತಾಡಿದ್ಲು, ಮುಖಕ್ಕೆ ಕೈ ಅಡ್ಡ ಇಟ್ಕೊಂಡು. ನಾನು ಅವಳಿಗೂ ಹೌದಮ್ಮ, ಹೌದಮ್ಮ ಅಂದೆ.

ಯಜಮಾನರನ್ನ ಆಮೇಲೆ ಕರಿ, ಒಂದು ನಿಮಿಷ ತಡಿ. ನೀನು ಎದ್ದು ಬಾಗಿಲು ಪೂರ್ತಿ ತೆಗಿ. ಬಾಪ್ಪ ಗ್ರೀಸಣ್ಣ, ಒಳಗೆ ಬಾ. ಹಾಗೆ ಕೆಳಗೆ ನೋಡ್ಬೇಡ, ನೀನು ಯಾಕೆ ತಲೆ ತಗ್ಗಿಸ್ತೀಯ. ಇಲ್ಲಿ, ಬೆಳಕಿಗೆ ಬಂದು ನಿಂತ್ಕೋ. ನಂಗೆ ಏನೇನು ಹೇಳೋದಿದೆಯೋ ಎಲ್ಲ ಹೇಳು, ನಿಧಾನವಾಗಿ, ಬಾಯಿ ಬಿಡಿಸಿ. ತಿಳಿಯದಿದ್ರೆ ತಿಳೀಲಿಲ್ಲ ಅಂತೀನಿ.